ಲಂಪ್ಸ್ ಇಲ್ಲದ ಗಾದಿಯ ವೆಬ್‌ಸೈಟು

ಬಳ್ಳಾರಿಯಲ್ಲಿ ಮಣ್ಣಿಗೆ ಬೆಲೆ ಬಂದು ಹತ್ತಿಗೆ ಬೆಲೆ ಹೋದ ವರ್ಷಗಳಲ್ಲಿ ನಾನು ಕಂಪ್ಯೂಟರ್ ಕಲಿತೆ. ಆಸೆಪಟ್ಟು ಕಲಿತದ್ದಲ್ಲ. ನಮ್ಮ ಮನೆಯವರು ಗಾದಿ ಅಂಗಡಿ ಮುಚ್ಚಿ ಟಿಪ್ಪರ್ ಲಾರಿ ಕೊಳ್ಳುತ್ತೇನೆಂದು ಹಟ ಹಿಡಿದಿದ್ದರು. ಅದನ್ನು ತಪ್ಪಿಸಲಿಕ್ಕೆ ಕಲಿತದ್ದು.

ನಮ್ಮದು ಹತ್ತಿ ಹಿಂಜಿ ಗಾದಿ, ದಿಂಬು ಮಾಡುವ ಮುಸಲ್ಮಾನರ ಮನೆತನ. ದುವಾ ಕೇಳುವುದು ಅರಬ್ಬಿಯಲ್ಲಿ, ಬದುಕುವುದು ಕನ್ನಡದಲ್ಲಿ, ಜಗಳ ಮಾತ್ರ ಕನ್ನಡ, ಉರ್ದು, ತೆಲುಗು ಮೂರರಲ್ಲೂ. ಪಾರ್ವತಿನಗರದಲ್ಲಿ ರಸ್ತೆಗೆ ಅಂಗಡಿ, ಅದರ ಹಿಂದೆ ಹಿಂಜುವ ಮಷೀನು, ಮಷೀನಿನ ಹಿಂದೆ ನಾವು. ಹತ್ತಿ ನನ್ನ ತವರು ಕುರುಗೋಡಿನ ಕಡೆಯಿಂದ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನೂ ಹತ್ತಿಯೂ ಒಂದೇ ಗಾಡಿಯಲ್ಲಿ ಬಂದಿಳಿದೆವೆಂದು ನಮ್ಮ ಅತ್ತೆ ಈಗಲೂ ಹೇಳುತ್ತಾರೆ, ಹತ್ತಿ ಹಗುರ ಇತ್ತು ಎಂದು ಸೇರಿಸಿ.

ಗಣಿಯ ದುಡ್ಡು ಊರಿಗೆ ಬಂದದ್ದೇ ಮಂದಿಗೆ ಹತ್ತಿ ಗಾದಿ ಚುಚ್ಚತೊಡಗಿತು. ಎಲ್ಲರಿಗೂ ಫೋಮು ಬೇಕು, ಸ್ಪ್ರಿಂಗು ಬೇಕು. ಫೋಮಿನ ಅಂಗಡಿಯವರು ಗಿರಾಕಿಗಳಿಗೆ ಒಂದೇ ಮಾತು ಹೇಳುತ್ತಿದ್ದರು: ಹತ್ತಿ ಗಾದಿ ಗಂಟು ಕಟ್ಟುತ್ತದೆ. ಚೆನ್ನಾಗಿ ಹಿಂಜಿ, ಸರಿಯಾಗಿ ಹರವಿ, ಬಿಗಿಯಾಗಿ ಹೊಲಿಗೆ ಹಾಕಿದ ಗಾದಿ ಗಂಟು ಕಟ್ಟುವುದಿಲ್ಲ. ಆದರೆ ಇದನ್ನು ಯಾರಿಗೆ ಹೇಳುವುದು? ಅಂಗಡಿಗೆ ಬಂದವರಿಗೆ ಹೇಳಬಹುದು, ಯಾರೂ ಬರುತ್ತಿರಲಿಲ್ಲ.

"ಲೇ, ಗುಡ್ಡಗುಡ್ಡನ ಲಾರಿ ಹತ್ತಿ ಹೊಂಟೈತಿ, ನಾವು ಇಲ್ಲಿ ಹತ್ತಿ ಹಿಂಜಕೋತ ಕುಂತೀವಿ," ಎಂದು ನಮ್ಮ ಮನೆಯವರು ಊಟದ ಮುಂದೆ ದಿನಾ ಶುರು ಮಾಡುತ್ತಿದ್ದರು.

"ಗುಡ್ಡ ಖಾಲಿ ಆದ ಮ್ಯಾಲೆ ಟಿಪ್ಪರ್‌ನಾಗ ಏನು ಹೇರ್ತೀರಿ? ನನ್ನ?"

"ನಿನ್ನ ಹೇರಿದ್ರ ಓವರ್‌ಲೋಡ್ ಅಂತ ಹಿಡೀತಾರ."

ನಗೆಯಲ್ಲಿ ತೇಲಿಸಿದರೂ ಮಾತು ನಿಜವಾಗಿಯೇ ಮುಂದೆ ಹೋಗಿತ್ತು. ಲಾರಿ ಟೈರು ಮಾರುವವನೊಬ್ಬ ನಮ್ಮ ಅಂಗಡಿಯ ಜಾಗ ಕೇಳಿದ್ದ. ಜಾಗ ಅವನಿಗೆ ಹೋದರೆ ಹಿಂಜುವ ಮಷೀನು ಗುಜರಿಗೆ ಹೋಗುವುದೇ. ನಾನು ಅತ್ತೆಯನ್ನು ಮುಂದಿಟ್ಟುಕೊಂಡು ಅತ್ತು ಕರೆದು ಬಕ್ರೀದ್‌ವರೆಗೆ ವಾಯಿದೆ ತೆಗೆದುಕೊಂಡೆ. ಬಕ್ರೀದ್‌ ಒಳಗೆ ಮಷೀನಿಗೆ ಕೆಲಸ ಬಂದರೆ ಅಂಗಡಿ ಇರುತ್ತದೆ, ಬರದಿದ್ದರೆ ಟೈರು. ಇದು ಕರಾರು.

ಆ ಹೊತ್ತಿಗೆ ಸರಿಯಾಗಿ ಅಲ್ಲಾಹ್ ಒಬ್ಬ ಮೇಡಮ್ಮನನ್ನು ಆಟೋದಲ್ಲಿ ಕಳಿಸಿದ. ಗಾಂಧಿನಗರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ತೆಲುಗಿನ ಹೆಂಗಸು. ತವರಿನಿಂದ ಬಂದ ಹಳೆಯ ಗಾದಿಗಳನ್ನು ಆಟೋದ ಮೇಲೆ ಕಟ್ಟಿಕೊಂಡು ಬಂದಿದ್ದರು.

"ಅಮ್ಮಾ, ಹಳೇ ಗಾದಿ ಮತ್ತೆ ಹಿಂಜಿ ಕೊಡ್ತೀರಾ? ಊರೆಲ್ಲಾ ತಿರುಗಿದೆ. ಫೋಮ್ ಶಾಪಿನವರು ಬಿಸಾಕಿ ಅಂತಾರೆ. ಮಾ ಅಮ್ಮ ಕೊಟ್ಟಿದ್ದು, ಹೆಂಗೆ ಬಿಸಾಕ್ಲಿ?"

ಗಾದಿ ಹಿಂಜುತ್ತಿರುವಾಗ ಮಾತಿಗೆ ಮಾತು ಬಂದು, ನಮಗೆ ವೆಬ್‌ಸೈಟ್ ಇಲ್ಲವೆಂದು ತಿಳಿದು ಅವರು ಮನೆಯಲ್ಲಿ ಸಾವಾದಂತೆ ಮರುಗಿದರು. ಕಡೆಗೆ ನಾವಿಬ್ಬರೂ ಒಪ್ಪಂದಕ್ಕೆ ಬಂದೆವು. ನಾನು ಅವರ ಮನೆಯ ಗಾದಿಗಳನ್ನೆಲ್ಲ ಹೊಸದಾಗಿ ಕಟ್ಟಿಸಿ ಕೊಡುವುದು, ಅವರು ನಮಗೊಂದು ವೆಬ್‌ಸೈಟು ಮಾಡಿ, ಅದನ್ನು ಮಂದಿಯ ಕಣ್ಣಿಗೆ ಬೀಳಿಸುವ ವಿದ್ಯೆಯನ್ನು ನನಗೆ ಕಲಿಸುವುದು.

ವೆಬ್‌ಸೈಟು ಎಂದರೇನೆಂದು ಅತ್ತೆಗೆ ಹೇಳಹೋಗಿ ಸೋತೆ.

"ಅದು ಎಲ್ಲಿ ಇರ್ತೈತಿ?"

"ಎಲ್ಲಾ ಕಡೆ ಇರ್ತೈತಿ ಅತ್ತಿ."

"ತೋಬಾ ತೋಬಾ. ಎಲ್ಲಾ ಕಡೆ ಇರಾವ ಒಬ್ಬನ ಐದಾನ. ನಿನ್ನ ಅಂಗಡಿ ಎಲ್ಲಿ ಐತಿ ಅಂತ ನೆಟ್ಟಗ ಹೇಳು."

ನೆಟ್ಟಗೆ ಹೇಳಬೇಕೆಂದರೆ ಅದು ಎಲ್ಲಿಯೂ ಇರಲಿಲ್ಲ. ಸೈಟು ತಯಾರಾದ ಮರುದಿನ ನಾನು ಹುಡುಕುವ ಪುಟದಲ್ಲಿ ಬಳ್ಳಾರಿ ಗಾದಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ನೋಡಿದರೆ, ಗಾದಿ ಏರಿದ ಸ್ವಾಮಿಗಳು ಬಂದರು, ಗಾದಿ ಬಿಟ್ಟ ರಾಜರು ಬಂದರು, ನಾವು ಬರಲಿಲ್ಲ. ಮೇಡಂ ಗಂಭೀರವಾಗಿ, ಇದಕ್ಕೇ ಎಸ್‌ಇಓ ಕಲಿಯಬೇಕು ಎಂದರು. ಹಸುಗೂಸಿನ ಅಳುವಿನಂತೆ ಕೇಳಿಸುವ ಆ ಮೂರಕ್ಷರದ ಅರ್ಥ ಇಷ್ಟೇ: ಹುಡುಕುವ ಯಂತ್ರಕ್ಕೆ ನಾವು ಯಾರೆಂದು ತಿಳಿಯುವಂತೆ ಬರೆಯುವುದು.

ಮಧ್ಯಾಹ್ನದ ನಮಾಜು ಮುಗಿಸಿ, ಅತ್ತೆಗೆ ಚಹಾ ಇಟ್ಟು, ಗಾಂಧಿನಗರಕ್ಕೆ ನಡೆದು ಹೋಗುತ್ತಿದ್ದೆ. ಕ್ಲಾಸಿನಲ್ಲಿ ಫ್ಯಾನು ಇತ್ತು, ಶುಕರ್. ಮೊದಲ ಪಾಠದಲ್ಲಿ ಮೇಡಂ ಹೇಳಿದ್ದು, ಯಂತ್ರವು ಜೇಡಗಳನ್ನು ಕಳಿಸುತ್ತದೆ, ಆ ಜೇಡಗಳು ಸೈಟಿನಿಂದ ಸೈಟಿಗೆ ಹರಿದಾಡಿ ಓದಿಕೊಂಡು ಹೋಗುತ್ತವೆ ಎಂದು. ಉಳಿದ ಹುಡುಗಿಯರು ಮುಖ ಕಿವುಚಿದರು. ನನಗೆ ಧೈರ್ಯ ಬಂತು. ಜೇಡ ನಮ್ಮ ಕಡೆಯದು. ಪ್ರವಾದಿ ನಬಿಯವರು ವೈರಿಗಳಿಗೆ ಸಿಗದಂತೆ ಗುಹೆಯೊಳಗೆ ಅಡಗಿದ್ದಾಗ ಬಾಗಿಲಿಗೆ ಬಲೆ ನೇಯ್ದು ಕಾಪಾಡಿದ್ದು ಅದೇ ಅಲ್ಲವೇ. ನಮ್ಮ ಮನೆಯಲ್ಲಿ ಬಲೆ ಗುಡಿಸುವಾಗ ಅತ್ತೆ ಇವತ್ತಿಗೂ ಜೇಡಕ್ಕೆ ಮಾಫಿ ಕೇಳುತ್ತಾರೆ. ಅಂಥ ಪ್ರಾಣಿ ನಮ್ಮ ಅಂಗಡಿಗೆ ಬರುತ್ತದೆಂದರೆ ಕೆಡುಕೇನೂ ಆಗದು ಎಂದುಕೊಂಡೆ.

ಎರಡನೆಯ ಪಾಠದಲ್ಲಿ ಆ ಜೇಡ ಕುರುಡು ಎಂದು ಗೊತ್ತಾಯಿತು. ಗಾದಿಯ ಫೋಟೋ ಹಾಕಿದರೆ ಅದಕ್ಕೆ ಕಾಣದು, ಫೋಟೋದ ಕೆಳಗೆ ಇದು ಗಾದಿ ಎಂದು ಬರೆದು ಹೇಳಬೇಕು. ನಮ್ಮ ಸೈಟಿನ ತಲೆಯ ಮೇಲೆ 'ಸುಸ್ವಾಗತ' ಎಂದಿತ್ತು. ಸುಸ್ವಾಗತ ಎಂದು ಯಾರು ಹುಡುಕುತ್ತಾರೆ ಎಂದು ಮೇಡಂ ಬೈದು ಅದನ್ನು ತೆಗೆಸಿದರು. ಗಿರಾಕಿ ಯಾವ ಮಾತು ಕುಟ್ಟುತ್ತಾನೋ ಅದೇ ಮಾತು ತಲೆಬರಹದಲ್ಲಿ ಇರಬೇಕು, ಮೊದಲ ಸಾಲಿನಲ್ಲಿ ಇರಬೇಕು, ಆಗಾಗ ಮತ್ತೆ ಬರುತ್ತಿರಬೇಕು. ತಸ್ಬೀಹ್ ಮಣಿ ಎಣಿಸುವವಳಿಗೆ ಒಂದೇ ಮಾತು ಮತ್ತೆ ಮತ್ತೆ ಹೇಳುವುದು ಕಷ್ಟವಾ?

ಒಂದು ಪಾಠ ಮಾತ್ರ ನನಗೆ ಹಿಡಿಸಲಿಲ್ಲ. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಏನು ಬೇಕಾದರೂ ಬರೆಯಬಹುದಂತೆ. ಮನುಷ್ಯರಿಗೆ ಕಾಣುವುದಿಲ್ಲ, ಯಂತ್ರ ಓದಿಕೊಳ್ಳುತ್ತದೆ.

"ಎಲ್ಲರೂ ಮಾಡ್ತಾರೆ ತಲ್ಲಿ. ಫೋಮು, ಸ್ಪ್ರಿಂಗು ಅಂತಾನೂ ಹಾಕಿಬಿಡು. ಯಾರಿಗೆ ಕಾಣ್ಸುತ್ತೆ?"

"ಬ್ಯಾಡ್ರಿ ಮೇಡಮ್ಮಾರ. ಬಚ್ಚಿಟ್ಟಿದ್ದು ಬರಕೊಳ್ಳಾಕ ನನ್ನ ಎರಡೂ ಹೆಗಲ ಮ್ಯಾಲೆ ಒಬ್ಬೊಬ್ಬರು ದೇವದೂತರು ಮೊದಲ ಕುಂತಾರ. ಅವರಿಗೆ ಕೆಲಸ ಹೆಚ್ಚ ಮಾಡೋದು ಬ್ಯಾಡ."

ಆಮೇಲೆ ಲಿಂಕಿನ ಪಾಠ. ಬೇರೆ ಸೈಟಿನವರು ತಮ್ಮ ಪುಟದಲ್ಲಿ ನಮ್ಮ ಹೆಸರು ಹಾಕಿ ಲಿಂಕು ಕೊಟ್ಟರೆ ಯಂತ್ರವು ನಮ್ಮನ್ನು ಮರ್ಯಾದಸ್ಥರೆಂದು ತಿಳಿಯುತ್ತದೆ. ನಮಗೆ ಗೊತ್ತಿದ್ದವರಲ್ಲಿ ವೆಬ್‌ಸೈಟ್ ಇದ್ದದ್ದು ಸಿರುಗುಪ್ಪದ ಒಬ್ಬ ರೈಸ್ ಮಿಲ್ ಮಾಲೀಕರಿಗೆ ಮಾತ್ರ. ಅವರ ಮನೆಗೆ ಗಾದಿ ಕಟ್ಟಿಕೊಟ್ಟ ಪರಿಚಯ. ಅತ್ತೆಯನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದೆ. ಮಾಲೀಕರು ಹಜಾರದಲ್ಲಿ ಕೂತಿದ್ದರು, ಹೆಂಡತಿ ಅಕ್ಕಿ ಆರಿಸುತ್ತಿದ್ದರು. ನಾನು ದಾರಿಯುದ್ದಕ್ಕೂ ಕಂಠಪಾಠ ಮಾಡಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ:

"ಸಾವಕಾರ್ರ, ನಿಮ್ಗೂ ನಮ್ಗೂ ಒಂದು ಲಿಂಕ್ ಇರ್ಲಿ ಅಂತ ಕೇಳಾಕ ಬಂದೀನ್ರಿ."

ಮೊರದಲ್ಲಿ ಅಕ್ಕಿ ನಿಂತಿತು. ಆ ಕಡೆಯೆಲ್ಲ ಗಂಡು ಹೆಣ್ಣಿನ ನಡುವೆ ಲಿಂಕು ಎಂದರೆ ಏನೆಂದು ಬಳ್ಳಾರಿಯವಳಾದ ನನಗೂ ಗೊತ್ತಿತ್ತು. ಆ ಗಳಿಗೆಯಲ್ಲಿ ಹೊಳೆಯಲಿಲ್ಲ, ಅಷ್ಟೇ. ಸಾಹುಕಾರರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

"ಏನಂದಿ?" ಎಂದರು ಅವರ ಹೆಂಡತಿ.

"ಕಂಪ್ಯೂಟರ್‌ನಾಗರೀ!" ಎಂದೆ.

"ಕಂಪ್ಯೂಟರ್‌ನಾಗೂ ಶುರುವಾಗೇತೇನು?"

ಅತ್ತೆ ನಡುವೆ ಬಂದು, ಇವಳಿಗೆ ಬಿಸಿಲು ಹತ್ತಿದೆ, ಇದು ಅಂಗಡಿಯ ಬೋರ್ಡಿನ ವಿಷಯ ಎಂದು ಸಮಾಧಾನ ಹೇಳಿದರು. ಲಿಂಕು ಸಿಕ್ಕಿತು. ಹೊರಡುವಾಗ ಆಕೆ ಒಂದು ಚೀಲ ನುಚ್ಚು ಕೊಟ್ಟರು. ಬಸ್ಸಿನಲ್ಲಿ ಸೀಟೂ ಸಿಕ್ಕಿತು. ಅಷ್ಟು ಮರ್ಯಾದೆ ಕಳೆದುಕೊಂಡ ದಿನ ಅಷ್ಟಾದರೂ ಸಿಗಬೇಡವೇ.

ಇನ್ನು ಉಳಿದದ್ದು ಮುಖ್ಯವಾದ ಮಾತು, ಮೇಡಂ ಹೇಳುವ ಕೀವರ್ಡು. ಬೇರೆ ಯಾರೂ ಹೇಳದ, ನಮ್ಮಲ್ಲಿ ಮಾತ್ರ ಇರುವ ಗುಣ ಯಾವುದು ಎಂದು ಕೇಳಿದರು. ಯೋಚಿಸುವುದೇನಿತ್ತು? ನಮ್ಮ ಗಾದಿ ಗಂಟು ಕಟ್ಟುವುದಿಲ್ಲ. ಗಂಟಿಗೆ ಇಂಗ್ಲಿಷಿನಲ್ಲಿ ಲಂಪ್ಸ್ ಎನ್ನುತ್ತಾರೆಂದು ಅವರೇ ಹೇಳಿಕೊಟ್ಟರು. ತಲೆಬರಹದಲ್ಲಿ 'ಬಳ್ಳಾರಿ ಕಾಟನ್ ಬೆಡ್, ನೋ ಲಂಪ್ಸ್' ಎಂದು ಹಾಕಿದೆ. ಮೊದಲ ಸಾಲಿನಲ್ಲಿ ನೋ ಲಂಪ್ಸ್. ಫೋಟೋದ ಕೆಳಗೆ ನೋ ಲಂಪ್ಸ್. ದಿಂಬಿಗೂ ನೋ ಲಂಪ್ಸ್. ಬಳ್ಳಾರಿ, ಲಂಪ್ಸ್, ಬಳ್ಳಾರಿ, ಲಂಪ್ಸ್ ಎಂದು ಪುಟ ತುಂಬ ಜಪ ಮಾಡಿ, ಬಿಸ್ಮಿಲ್ಲಾ ಎಂದು ಬಟನ್ ಒತ್ತಿದೆ.

ಸ್ವಲ್ಪ ದಿನದಲ್ಲೇ ಫೋನು ಬಂತು. ನಾನೇ ಎತ್ತಿದೆ.

"ಹಲೋ, ಬಳ್ಳಾರೀನಾ? ಲಂಪ್ಸ್ ಇದೆಯಾ?"

"ಇಲ್ಲರೀ!" ಎಂದೆ ಹೆಮ್ಮೆಯಿಂದ. "ನಮ್ಮಲ್ಲಿ ಲಂಪ್ಸ್ ಬರೋದ ಇಲ್ಲ."

"ಫೈನ್ಸ್?"

"ಫೈನ್ ಅದೀವ್ರಿ, ದೇವರ ದಯ. ನೀವು ಹೆಂಗದೀರಿ?"

ಫೋನು ಇಟ್ಟುಬಿಟ್ಟರು. ನಾಗರಿಕರಲ್ಲ ಎಂದುಕೊಂಡೆ. ಮರುದಿನ ಇನ್ನೊಬ್ಬ.

"ಮೇಡಂ, ಲಂಪ್ಸ್ ಬೇಕಿತ್ತು. ಸೈಜು ಏನು?"

"ಸಿಂಗಲ್ ಮಾಡ್ತೀವಿ, ಡಬಲ್ ಮಾಡ್ತೀವಿ."

"ಲೋಡಿಂಗ್ ಎಲ್ಲಿ?"

"ಲೋಡಿಂಗ್ ಎಲ್ಲಿ ಬಂತ್ರಿ, ಆಟೋದ ಮ್ಯಾಲೆ ಕಟ್ಟಿ ಕಳಿಸ್ತೀವಿ."

"ಆಟೋ ಮೇಲಾ?" ಎಂದು ಅವನು ಎರಡು ಸಲ ಕೇಳಿ ಫೋನು ಇಟ್ಟ.

ಇದನ್ನೆಲ್ಲ ನಮ್ಮ ಮನೆಯವರಿಗೆ ಹೇಳಿದೆ. ಅವರು ಅನ್ನ ನೆತ್ತಿಗೇರುವಂತೆ ನಕ್ಕರು. "ಏ ಹುಚ್ಚಿ, ಅವರು ಗಾದಿ ಕೇಳಾಕ ಹತ್ತಿಲ್ಲ, ಅದಿರು ಕೇಳಾಕ ಹತ್ಯಾರ! ಗಡ್ಡಿ ಕಲ್ಲಿಗೆ ಲಂಪ್ಸ್ ಅಂತಾರ, ಪುಡಿಗೆ ಫೈನ್ಸ್ ಅಂತಾರ. ಬಳ್ಳಾರಿ ಲಂಪ್ಸ್ ಅಂತ ಹುಡುಕಿದವರಿಗೆಲ್ಲಾ ನಿನ್ನ ಗಾದಿ ಸಿಗಾಕ ಹತ್ತೈತಿ!"

ಕ್ಲಾಸಿಗೆ ಓಡಿ ಹೋಗಿ ಕುಟ್ಟಿ ನೋಡಿದರೆ ನಿಜ. ಬಳ್ಳಾರಿ ಲಂಪ್ಸ್ ಎಂದರೆ ನಾವು ಮೊದಲನೇ ಪುಟದಲ್ಲಿದ್ದೆವು, ದೊಡ್ಡ ದೊಡ್ಡ ಅದಿರಿನವರ ನಡುವೆ, ಹೂವಿನ ಬಟ್ಟೆಯ ಡಬಲ್ ಗಾದಿಯ ಫೋಟೋ ಸಮೇತ. ಆ 'ನೋ' ಎಂಬ ಪುಟ್ಟ ಮಾತನ್ನು ಯಂತ್ರ ಲೆಕ್ಕಕ್ಕೇ ಇಟ್ಟಿರಲಿಲ್ಲ. ಇಲ್ಲ ಎಂದು ಎಷ್ಟು ಸಲ ಹೇಳಿದ್ದೆನೋ, ಅಷ್ಟೂ ಸಲ ಇದೆ ಎಂದು ಕೇಳಿಸಿಕೊಂಡಿತ್ತು. ನಮ್ಮ ಮನೆಯವರದೂ ಅದೇ ಕಿವಿ.

ನಕ್ಕು ಮುಗಿದ ಮೇಲೆ ಅವರ ಮುಖ ಬೇರೆಯಾಯಿತು. ಮರುದಿನದಿಂದ ಫೋನು ಅವರ ಜೇಬಿಗೆ ಹೋಯಿತು. ಫೋನು ಬಂದ ಕೂಡಲೇ ರಸ್ತೆಗೆ ಇಳಿದು, ಎದೆಯುಬ್ಬಿಸಿ, "ಐತ್ರಿ, ಮಟೀರಿಯಲ್ ಐತಿ. ಪಾರ್ಟಿ ನಮ್ಮವರ ಅದಾರ," ಎನ್ನುತ್ತಿದ್ದರು. ಇವರಿಗೆ ಗೊತ್ತಿದ್ದ ಪಾರ್ಟಿ ಎಂದರೆ ಚಹಾದಂಗಡಿಯಲ್ಲಿ ಕೂರುವ ಇಬ್ಬರು. ಅವರಿಗೂ ಯಾವ ಗುಡ್ಡವೂ ಇರಲಿಲ್ಲ. ಆದರೆ ಬಳ್ಳಾರಿಯಲ್ಲಿ ಆಗ ಅರ್ಧ ಊರು ಹೀಗೇ ಇತ್ತು, ಕೊಳ್ಳುವವನಿಗೂ ಮಾರುವವನಿಗೂ ನಡುವೆ ಮೊಬೈಲು ಹಿಡಿದು ನಿಂತವರದು. ಅಂಗಡಿ ಉಳಿಸಲೆಂದು ನಾನು ಕಲಿತ ವಿದ್ಯೆಯೇ ಅವರನ್ನು ಅಂಗಡಿಯಿಂದ ಹೊರಗೆ ಎಳೆದಿತ್ತು.

"ಇಲ್ಲದ್ದು ಐತಿ ಅಂತೀರಲ್ರಿ, ಯಾವಾರದಾಗ ಸುಳ್ಳು ಸೇರಿದ್ರ ಬರಕತ್ ಹೋಗ್ತೈತಿ," ಎಂದೆ.

"ನೀನ ಹಾಕಿದ ಬೋರ್ಡು ಅದು. ನಾ ಬರೀ ಹೂಂ ಅನ್ನಾಕ ಹತ್ತೀನಿ."

"ಆ ಮಾತು ತಗೀತೀನಿ ನಾನು."

"ತಗದ್ರ ನೋಡು! ಇಷ್ಟು ವರ್ಷ ಯಾವ ಗಿರಾಕಿ ಇಷ್ಟು ಫೋನ್ ಮಾಡಿದ್ದ?"

ಅಷ್ಟರಲ್ಲಿ ಒಬ್ಬ ಗಿರಾಕಿ ಖುದ್ದು ಬಂದೇಬಿಟ್ಟ. ತಮಿಳುನಾಡಿನ ಕಡೆಯ ದಪ್ಪ ಮನುಷ್ಯ. ಅದಿರಿನ ದೂಳಿಗೆ ಬಿಳಿ ಕಾರು ಅರ್ಧಕ್ಕೆ ಕೆಂಪಾಗಿತ್ತು, ಅವನ ರೆಪ್ಪೆಯೂ ಕೆಂಪಾಗಿತ್ತು. ನಮ್ಮ ಮನೆಯವರ ಮಾತು ನಂಬಿ ಹಿಂದಿನ ದಿನ ಹೊರಟವನು. ಕಾರು ಓಣಿಗೆ ತಿರುಗಿದ್ದು ಕಂಡದ್ದೇ ಇವರು, "ಕೊಳಗಲ್ಲಿಗೆ ಹೋಗಿ ಹತ್ತಿ ನೋಡ್ಕೊಂಡು ಬರ್ತೀನಿ," ಎಂದು ಹಿತ್ತಲ ಬಾಗಿಲಿಂದ ಸೈಕಲ್ ತೆಗೆದುಕೊಂಡು ಹೋದರು. ಹತ್ತಿ ನೋಡದೆ ತಿಂಗಳುಗಳಾಗಿದ್ದವು.

ಅಂಗಡಿಯಲ್ಲಿ ನಾನು, ಅತ್ತೆ, ಆ ಮನುಷ್ಯ. ತೆಲುಗಿನಲ್ಲಿ ಮಾತಾಡಿದ. ಸಾರ್ ಬರುವವರೆಗೆ ಕಾಯುತ್ತೇನೆ ಎಂದ. ಕುರ್ಚಿ ಅವನ ಗಾತ್ರಕ್ಕೆ ಸಾಲದೆ, ತೋರಿಸಲಿಕ್ಕೆಂದು ಹಾಸಿಟ್ಟಿದ್ದ ಗಾದಿಯ ಅಂಚಿಗೆ ಕೂತ. ಅತ್ತೆ ನೀರು ಕೊಟ್ಟರು. ಮಜ್ಜಿಗೆ ಕೊಟ್ಟರು. ಅವನು ಬೂಟು ಬಿಚ್ಚಿದ. ಸ್ವಲ್ಪ ಒರಗಿದ. ನಾನು ಒಳಗೆ ಹೋಗಿ ನಮಾಜು ಮುಗಿಸಿ ಬರುವಷ್ಟರಲ್ಲಿ ಗೊರಕೆ ಕೇಳಿಸಿತು. ಬಳ್ಳಾರಿಯ ಬಿಸಿಲಿನಲ್ಲಿ, ಹೊರಗೆ ಲಾರಿಗಳು ಹಾರ್ನು ಹೊಡೆಯುತ್ತಿದ್ದರೂ, ಆ ಮನುಷ್ಯ ಕೂಸಿನ ಹಾಗೆ ಮಲಗಿದ್ದ. ಅತ್ತೆ ಬೀಸಣಿಗೆ ಹಿಡಿದು ನೊಣ ಓಡಿಸುತ್ತಿದ್ದರು.

ಇಳಿಹೊತ್ತಿನ ಅಸರಿನ ಅಜಾನ್ ಆದ ಮೇಲೆ ನಮ್ಮ ಮನೆಯವರು, ಡ್ರೈವರು ನೆರಳಿಗೆ ಒಯ್ದಿದ್ದ ಕಾರು ಕಣ್ಣಿಗೆ ಬೀಳದೆ, ಗಂಡಾಂತರ ಕಳೆದಿರಬಹುದೆಂದು ಮುಂಬಾಗಿಲಿನಿಂದಲೇ ಬಂದರು. ಒಳಗೆ ಕಾಲಿಡುವುದಕ್ಕೂ ಅವನು ಎದ್ದು ಕೂರುವುದಕ್ಕೂ ಸರಿಹೋಯಿತು.

"ಸಾರ್," ಎಂದ ಅವನು ಕಣ್ಣುಜ್ಜುತ್ತ, "ಮಟೀರಿಯಲ್ ಎಲ್ಲಿ?"

ನಮ್ಮ ಮನೆಯವರು ತಿರುಗಿ ಸೈಕಲ್ ಕಡೆ ನೋಡಿದರು. ಅತ್ತೆ ಬೀಸಣಿಗೆ ಕೆಳಗಿಟ್ಟರು.

"ಇಷ್ಟೊತ್ತನಾ ಅದರ ಮ್ಯಾಲೇ ಮಲಗಿದ್ದೆಲ್ಲಪ್ಪಾ."

ನಾನು ಅದನ್ನು ತೆಲುಗಿಗೆ ತಿರುಗಿಸಿ, ಉಳಿದ ಕಥೆಯನ್ನೂ ಹೇಳಿದೆ. ಅವನು ಕೂಗಾಡಬಹುದೆಂದು ಹೆದರಿದ್ದೆ. ಕೂಗಾಡಲಿಲ್ಲ. ನಿಧಾನವಾಗಿ ಬೂಟಿನ ದಾರ ಕಟ್ಟಿಕೊಂಡ. ಹೋಗುವಾಗ ನಮ್ಮ ಮನೆಯವರ ಕಡೆ ನೋಡಿ, "ನಿಮ್ಮ ತಾಯಿ ಸುಳ್ಳು ಹೇಳಲಿಲ್ಲ," ಎಂದಷ್ಟೇ ಹೇಳಿದ. ಬೈದಿದ್ದರೆ ಇವರು ತಿರುಗಿ ಬೈದು ಹಗುರಾಗುತ್ತಿದ್ದರು. ಅದಕ್ಕೂ ಅವಕಾಶ ಸಿಗಲಿಲ್ಲ. ಅವತ್ತು ಫೋನನ್ನು ತಂದು ನನ್ನ ಕೈಗೆ ಕೊಟ್ಟು, ಕೈಕಾಲು ತೊಳೆಯಲು ಹೋದರು.

ಮರುದಿನ ಸೈಟಿನಲ್ಲಿ ಲಂಪ್ಸ್ ಎಂಬ ಮಾತು ಇದ್ದಲ್ಲೆಲ್ಲ ತೆಗೆದೆ. ಮೇಡಂ ಎದೆ ಹಿಡಿದುಕೊಂಡರು.

"ಫಸ್ಟ್ ಪೇಜ್‌ಲೋ ಇದ್ದೀಯಲ್ಲೇ ತಲ್ಲಿ! ಅದಕ್ಕೆ ಮಂದಿ ಲಕ್ಷ ಲಕ್ಷ ಸುರೀತಾರೆ!"

"ಅದು ನಮ್ಮ ಪೇಜ್ ಅಲ್ರಿ ಮೇಡಮ್ಮಾರ. ಬ್ಯಾರೇರ ಮದುವಿ ಊಟದಾಗ ಮುಂದಿನ ಪಂಕ್ತಿಗೆ ಕುಂತಂಗಾಗೇತಿ."

ಮಾತು ತೆಗೆದದ್ದೇನೋ ಸರಿ, ಅದರ ಜಾಗಕ್ಕೆ ಏನು ಹಾಕುವುದು? ಬಕ್ರೀದ್ ಹತ್ತಿರವಾಗಿತ್ತು. ಫೋನು ಸತ್ತಂತೆ ಬಿದ್ದಿತ್ತು. ನಾನು ಇಷ್ಟು ದಿನ ಏನು ಹೊಗಳಿಕೊಳ್ಳಬೇಕೆಂದು ಯೋಚಿಸಿದ್ದೆನೇ ಹೊರತು, ನಮ್ಮನ್ನು ಹುಡುಕುವವರು ಏನೆಂದು ಹುಡುಕುತ್ತಾರೆಂದು ಯೋಚಿಸಿರಲಿಲ್ಲ. ಹಾಗೆ ಹುಡುಕಿ ಬಂದವರು ಒಬ್ಬರು ಎದುರಿಗೇ ಕೂತಿದ್ದರು.

"ಮೇಡಮ್ಮಾರ, ಅವತ್ತು ಊರೆಲ್ಲಾ ತಿರುಗಿದೆ ಅಂದ್ರಲ್ಲ, ಮಂದೀಗೆ ಏನಂತ ಕೇಳಿದ್ರಿ?"

"ಏನು ಕೇಳ್ತೀನಿ? ಹಳೇ ಗಾದಿ ಮತ್ತೆ ಹಿಂಜಿ ಕೊಡ್ತಾರಾ ಅಂತ," ಎಂದವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಹೊಸ ಗಾದಿ ಮಾರುವವರು ಊರು ತುಂಬ ಇದ್ದರು. ಹಳೆಯದನ್ನು ಬಿಚ್ಚಿ, ದೂಳು ಝಾಡಿಸಿ, ಹಿಂಜಿ, ಮತ್ತೆ ಹೊಲಿದು ಕೊಡುವ ಮಷೀನು ನಮ್ಮದು. ತಲೆಬರಹದಲ್ಲಿ ಅದನ್ನೇ ಬರೆದೆ. ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಲ. ಕೆಳಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂದು ಊರುಗಳ ಹೆಸರು. ಜಪ ಮಾಡಲಿಲ್ಲ. ಒಮ್ಮೆ ಹೇಳಿದರೆ ಕೇಳಿಸಿಕೊಳ್ಳುವವನು ಕೇಳಿಸಿಕೊಳ್ಳುತ್ತಾನೆ.

ಯಂತ್ರ ತಕ್ಷಣ ಕೇಳಿಸಿಕೊಳ್ಳಲಿಲ್ಲ. ದಿನಾ ನೋಡುವುದು, ಇಲ್ಲ. ದಿನಾ ನೋಡುವುದು, ಇಲ್ಲ. ಟೈರಿನವನು ಒಂದು ಸಲ ಬಂದು ಹೊರಗೆ ನಿಂತೇ ಶೆಟರು ಅಲ್ಲಾಡಿಸಿ ಗಟ್ಟಿ ಇದೆಯೇ ಎಂದು ನೋಡಿ ಹೋದ. ಹಬ್ಬಕ್ಕೆ ವಾರವೂ ಇರಲಿಲ್ಲ, ಆಗ ಬಸ್ ಸ್ಟ್ಯಾಂಡಿನ ಕಡೆಯ ಒಂದು ಲಾಡ್ಜಿನ ಮ್ಯಾನೇಜರು ಫೋನು ಮಾಡಿದರು.

"ಹಳೇ ಗಾದಿ ಹಿಂಜೋರು ನೀವೇನ್ರಿ? ನಮ್ಮ ಲಾಡ್ಜಿನಾಗ ಬರೀ ಅದಿರಿನ ಮಂದಿ. ಮಲಗಿ ಮಲಗಿ ಗಾದಿ ಎಲ್ಲಾ ಹಪ್ಪಳ ಆಗ್ಯಾವು. ಬೆಳಿಗ್ಗೆದ್ದು ಬೆನ್ನು ಹಿಡ್ಕೊಂಡು ನನ್ನ ಬೈತಾರ. ಎಲ್ಲಾ ರೂಮಿಂದೂ ಕಳಿಸ್ಲೇನು?"

ನಾನು ನಮ್ಮ ಮನೆಯವರ ಕಡೆ ನೋಡಿದೆ.

"ಐತಿ ಅನ್ಲೇನ್ರಿ?" ಎಂದೆ.

"ಮಷೀನ್ ಐತೆಲ್ಲ," ಎಂದರು, ಗೋಡೆ ನೋಡುತ್ತ. "ಅನ್ನು."

ಗಾದಿಗಳು ಬಂದವು. ಬಿಚ್ಚಿದರೆ ಹತ್ತಿಯೂ ಕೆಂಪು. ಮಷೀನು ಶುರುವಾದ ಮೇಲೆ ನಮ್ಮ ಮನೆಯವರ ಮೀಸೆ, ಅತ್ತೆಯ ಸೆರಗು, ಸಾರಿನ ಪಾತ್ರೆ ಎಲ್ಲದರ ಮೇಲೂ ಗುಲಾಬಿ ಬಣ್ಣದ ಎಳೆ. ಅಂಗಡಿಯಲ್ಲಿ ಹೊರೆ, ಹಜಾರದಲ್ಲಿ ಹೊರೆ, ಓಣಿಯಲ್ಲೂ ಒಂದು ಹೊರೆ. ಮಲಗಲು ಜಾಗವಿಲ್ಲದೆ ಹೊರೆಗಳ ಮೇಲೆಯೇ ಮಲಗಿದೆವು. ಅದೇನೂ ಕಷ್ಟವಾಗಲಿಲ್ಲ.

ಹಬ್ಬದ ಹಿಂದಿನ ದಿನ ಟೈರಿನವನು ಅಳತೆಯ ಟೇಪು ಹಿಡಿದು ಬಂದ. ನಮ್ಮ ಮನೆಯವರು ಮಷೀನು ನಿಲ್ಲಿಸಲಿಲ್ಲ.

"ಅಳತಿ ತಗೋಬೇಕಿತ್ತು, ಭಾಯ್!" ಎಂದು ಅವನು ಕೂಗಿದ.

"ಗ್ವಾಡಿ ಕಾಣ್ಸಾಕತ್ತಿಲ್ಲಪ್ಪಾ, ಎಲ್ಲಿ ಅಂತ ಅಳೀತೀ?" ಎಂದು ಇವರು ಅದಕ್ಕಿಂತ ಜೋರಾಗಿ ಕೂಗಿದರು.

ಅವನು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತ. ಸೀನಿದ. ಮತ್ತೆ ಸೀನಿದ. ಕಡೆಗೆ ಟೇಪು ಜೇಬಿಗೆ ಹಾಕಿಕೊಂಡು, ತನ್ನ ಮನೆಯಲ್ಲೂ ಅವ್ವನ ಕಾಲದ ಎರಡು ಹಳೇ ಗಾದಿ ಇವೆ, ಹಬ್ಬ ಕಳೆದ ಮೇಲೆ ತಂದರೆ ಆದೀತೇ ಎಂದು ನನ್ನನ್ನು ಕೇಳಿದ.